ಚಿಕ್ಕ ಪಾತ್ರೆಯ ರುಚಿ

ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಊಟವೆಂದರೆ ಅತ್ತೆ ಮಾಡುವ ಐರಿಶ್ ಸ್ಟ್ಯೂ. ಹೆಸರೇನೋ ದೂರದೇಶದ್ದು, ಆದರೆ ಮನೆಗೆ ಬಂದದ್ದು ಒಂದು ದೊಡ್ಡ ಹೋಟೆಲಿನ ಹಿಂಬಾಗಿಲಿನಿಂದ. ಅತ್ತೆ ಆ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಹೊಸದಾಗಿ ಸೇರಿದ್ದಾಗ ಅಲ್ಲಿನ ಅಡುಗೆಯವನೊಬ್ಬನ ಏಪ್ರನ್ನಿನ ಕಲೆಗಳನ್ನು ಮೇಲ್ವಿಚಾರಕನ ಕಣ್ಣಿಗೆ ಬೀಳದಂತೆ ತೆಗೆದುಕೊಟ್ಟು, ಬದಲಿಗೆ ಈ ಅಡುಗೆ ಕಲಿತುಕೊಂಡಿದ್ದಳು. ಕುರಿಮಾಂಸ, ಮೂಳೆ, ಆಲೂಗಡ್ಡೆ, ಕ್ಯಾರೆಟ್, ರಾಶಿ ಈರುಳ್ಳಿ. ಬೆಳಿಗ್ಗೆ ಒಲೆಯ ಮೇಲಿಟ್ಟರೆ ಸಣ್ಣ ಉರಿಯಲ್ಲಿ ಮಧ್ಯಾಹ್ನದವರೆಗೆ ಕುದಿಯುತ್ತಲೇ ಇರಬೇಕು. ಅವಳ ಪಾತ್ರೆಯಲ್ಲಿ ಒಂದು ಸೌಟೂ ಉಳಿದದ್ದಿಲ್ಲ. ಅದು ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿರಬೇಕೆಂಬ ಆಸೆಯೂ ಇತ್ತು.

ಮದುವೆಯಾಗಿ ಬಂದ ಸೊಸೆ ಮಾಂಸ ತಿನ್ನುತ್ತಿರಲಿಲ್ಲ. ಮೊಟ್ಟೆ, ಹಾಲು, ಬೆಣ್ಣೆಯನ್ನೂ ಮುಟ್ಟುತ್ತಿರಲಿಲ್ಲ. ಇದು ಗುಟ್ಟೇನೂ ಆಗಿರಲಿಲ್ಲ. ಅವಳದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅಂಗಡಿಗೆ ಕನ್ನಡಿ, ಕಪಾಟು ತಂದು ಇಳಿಸುತ್ತಿದ್ದ ವ್ಯಾನಿನ ಡ್ರೈವರ್, ಈ ಮನೆಯ ಮಗ, ಅವಳನ್ನು ಮೆಚ್ಚಿ ಮದುವೆಯಾಗಿದ್ದ. ಮದುವೆಗೆ ಮೊದಲೇ ಅವಳು ಎಲ್ಲವನ್ನೂ ಬಿಡಿಸಿ ಹೇಳಿದ್ದಳು.

"ವೀಗನ್ ಅಂತಾರಲ್ಲ, ಅದು ತಾನೆ? ನಮ್ಮನೇಲಿ ಯಾರೂ ಬಲವಂತ ಮಾಡಲ್ಲ. ನಾನಿದೀನಲ್ಲ," ಎಂದಿದ್ದ.

ಮೊದಲ ಭಾನುವಾರ ಅತ್ತೆ ದೊಡ್ಡ ಪಾತ್ರೆಯ ಪಕ್ಕದ ಒಲೆಯಲ್ಲಿ ಒಂದು ಚಿಕ್ಕ ಪಾತ್ರೆ ಇಟ್ಟಳು.

"ಮಾಂಸ ಬೇಡ, ಬೆಣ್ಣೆ ಬೇಡ. ಇನ್ನು ಉಳಿಯೋದೇನು?"

"ತರಕಾರಿ ಇದೆಯಲ್ಲ ಅತ್ತೆ."

"ಅದನ್ನ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರೆ."

ಸೊಸೆ ನಕ್ಕಳು. ಬಟ್ಟಲಿಗೆ ಬಡಿಸಿದಾಗ ನೀರು ಒಂದು ಕಡೆ, ಆಲೂಗಡ್ಡೆ ಒಂದು ಕಡೆ ನಿಂತವು. ಅರ್ಧ ತಿಂದಳು. ಮರುವಾರವೂ ಹಾಗೇ ಆಯಿತು. ಉಳಿದದ್ದನ್ನು ಸಿಂಕಿಗೆ ಸುರಿಯುವಾಗ ಅತ್ತೆ ಪಾತ್ರೆಯನ್ನು ಕುಕ್ಕಿದ ಸದ್ದು ನಡುಮನೆಯವರೆಗೂ ಕೇಳಿತು.

"ನನ್ನ ಕೈಯಡುಗೆ ಚೆಲ್ಲಿದ್ದು ಇದೇ ಮೊದಲು," ಎಂದಳು ತನ್ನ ಗಂಡನಿಗೆ.

ಮಾವ ಲಿಫ್ಟ್ ರಿಪೇರಿಯವನು. ಮನೆಯ ಯಾವ ಜಗಳಕ್ಕೂ ಬಾಯಿ ಹಾಕದೆ ನಿವೃತ್ತಿಯವರೆಗೆ ಬಂದಿದ್ದ. "ನೀರು ತಾನೆ ಚೆಲ್ಲಿದ್ದು, ಬಿಡು," ಎಂದ. ಅದಕ್ಕೂ ಬೈಸಿಕೊಂಡ.

ಆ ವಾರದಲ್ಲೇ ಸೊಸೆ ಅಂಗಡಿಯಲ್ಲಿ ತಲೆಸುತ್ತಿ ಬಿದ್ದಳು. ಬೆಳಿಗ್ಗೆ ಏನೂ ತಿನ್ನದೆ ಹೋಗಿದ್ದಳು, ಒಳಕೋಣೆಯ ಫ್ಯಾನೂ ಕೆಟ್ಟಿತ್ತು. ಒಂದು ಲೋಟ ಸಕ್ಕರೆ ನೀರು ಕುಡಿದು ಮತ್ತೆ ಕೆಲಸಕ್ಕೆ ಕೂತಳು. ಮನೆಯಲ್ಲಿ ಮಾತ್ರ ಅದು ದೊಡ್ಡ ಸುದ್ದಿಯಾಯಿತು.

ಮುಂದಿನ ಭಾನುವಾರ ಚಿಕ್ಕ ಪಾತ್ರೆಯ ಮುಚ್ಚಳ ತೆಗೆದಾಗ ಪರಿಮಳವೇ ಬೇರೆ ಇತ್ತು. ರಸ ಗಟ್ಟಿಯಾಗಿ ಹೊಳೆಯುತ್ತಿತ್ತು. ಸೊಸೆ ಒಂದು ಚಮಚ ಬಾಯಿಗಿಟ್ಟವಳು ಕಣ್ಣರಳಿಸಿದಳು.

"ಅತ್ತೆ! ಏನು ಹಾಕಿದ್ರಿ?"

"ಹಾಕೋದೇನು. ಕೈ ಪಳಗಬೇಕು ಅಷ್ಟೆ."

ಸೊಸೆ ಎರಡು ಬಟ್ಟಲು ತಿಂದಳು. ಎದ್ದು ಹೋಗಿ ಅತ್ತೆಯನ್ನು ಅಪ್ಪಿಕೊಂಡು, "ನನಗೋಸ್ಕರ ಇಷ್ಟು ಕಷ್ಟಪಟ್ರಲ್ಲ," ಎಂದಳು. ಅತ್ತೆ ಮುಖ ತಿರುಗಿಸಿಕೊಂಡು ಒಲೆ ಒರೆಸತೊಡಗಿದಳು. ಸೊಸೆಯ ಗಂಡ ತನ್ನ ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಸೋಮವಾರ ಅವಳು ಒಂದು ಡಬ್ಬಿ ತುಂಬ ಸ್ಟ್ಯೂ ಅಂಗಡಿಗೆ ಒಯ್ದಳು. ಒಳಕೋಣೆಯಲ್ಲಿ ಅವಳ ಜೊತೆಗಿದ್ದವಳು ಒಬ್ಬಳೇ. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಗಾಜಿನ ಅಂಚು ಕೊಯ್ಯುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಇದ್ದಳು. ಅವಳೂ ಮಾಂಸ, ಹಾಲು ಮುಟ್ಟುತ್ತಿರಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ದಿನವೂ ಬ್ರೆಡ್ಡು, ಬಾಳೆಹಣ್ಣು. ಅವತ್ತು ಡಬ್ಬಿಯ ತಳವನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ಒರೆಸಿ ತಿಂದಳು.

"ನಿಮ್ಮತ್ತೆ ಬಂಗಾರ ಕಣೆ. ನಮ್ಮಂಥೋರಿಗೆ ಅಂತ ಯಾರು ಇಷ್ಟು ಮಾಡ್ತಾರೆ?"

ಅಲ್ಲಿಂದ ಪ್ರತಿ ಸೋಮವಾರ ಡಬ್ಬಿ ಹೋಗತೊಡಗಿತು. ಮನೆಯಲ್ಲಿ ಅದನ್ನು ಯಾರಿಗೂ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ತನ್ನ ಪಾಲು, ತನ್ನ ಡಬ್ಬಿ.

ಬಯಲಾದದ್ದು ಮಾವನ ಹಸಿವಿನಿಂದ. ಒಂದು ಭಾನುವಾರ ಅವನು ಮೂರನೇ ಸಲ ಬಟ್ಟಲು ಚಾಚಿದಾಗ ದೊಡ್ಡ ಪಾತ್ರೆ ಬರಿದಾಗಿತ್ತು. ಸೌಟು ಹಿಡಿದು ಚಿಕ್ಕ ಪಾತ್ರೆಯ ಕಡೆ ಕೈ ನೀಡಿದ.

"ರೀ, ಅದು ಅವಳದ್ದು," ಎಂದಳು ಅತ್ತೆ.

"ಒಂದು ಸೌಟಿಗೆ ಏನಾಗುತ್ತೆ? ಎರಡಕ್ಕೂ ಅದೇ ಮೂಳೆ ರಸ ತಾನೆ ಹಾಕೋದು. ನನಗೆ ಯಾವುದಾದರೂ ಒಂದೇ."

 ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದ. "ಯಾಕೆ? ಅವಳಿಗೆ ಗೊತ್ತಿಲ್ವಾ?"

ಸೊಸೆ ಚಮಚ ಕೆಳಗಿಟ್ಟಳು. "ಅತ್ತೆ?"

"ನೀನು ತಲೆಸುತ್ತಿ ಬಿದ್ದೆ. ಮೈಯಲ್ಲಿ ರಕ್ತ ಇಲ್ಲ. ನೋಡ್ಕೊಂಡು ಸುಮ್ನೆ ಇರಕ್ಕಾಗುತ್ತಾ? ಒಂದು ತುಂಡು ಮಾಂಸ ಹಾಕಿಲ್ಲ ನಾನು. ಬರೀ ರಸ. ಸೋಸಿ ಹಾಕಿದೀನಿ."

"ಸೋಸಿ ಹಾಕಿದ್ರಾ."

"ಹೂಂ. ಒಂದು ಚೂರೂ ಬರದ ಹಾಗೆ."

"ಎಷ್ಟು ಜಾಗ್ರತೆ!" ಸೊಸೆ ಎದ್ದು ನಿಂತಳು. "ನಾನು ನಿಮ್ಮನ್ನ ಅಪ್ಪಿಕೊಂಡೆ. ಇಲ್ಲೇ, ಈ ಒಲೆ ಮುಂದೆ. ನೀವು ಸುಮ್ನೆ ಒಲೆ ಒರೆಸಿದ್ರಿ." ಆಮೇಲೆ ಗಂಡನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

ಅವನು ಬಾಯಲ್ಲಿದ್ದದ್ದನ್ನು ಅಗಿದು ನುಂಗಿದ. "ನನಗೂ ಆಮೇಲೆ ಗೊತ್ತಾಯ್ತು. ಆಗಲೇ ನೀನು ತಿಂದಾಗಿತ್ತು. ಹೇಳಿದ್ರೆ ಬೇಜಾರಾಗ್ತೀಯ ಅಂತ..."

"ಆಮೇಲೆ ಎಷ್ಟು ಭಾನುವಾರ ತಿಂದೆ ನಾನು?"

"ಒಂದು ಮೂಳೆಗೆ ಇಷ್ಟೊಂದು ರಂಪ ಬೇಕಾ?"

ಅವಳು ಚಿಕ್ಕ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಪೂರ್ತಿ ಸಿಂಕಿಗೆ ಸುರಿದಳು. ಅತ್ತೆ ಅಡ್ಡ ಬಂದಳು. "ಅನ್ನ ಚೆಲ್ಲಬೇಡ!"

"ಇದು ಅನ್ನ ಅಲ್ಲ ಅತ್ತೆ, ಸುಳ್ಳು."

ಅಂದಿನಿಂದ ಅಡುಗೆಮನೆ ಇಬ್ಭಾಗವಾಯಿತು. ಒಲೆ ಎರಡೇ. ಸೊಸೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಎರಡರ ಮೇಲೂ ಏನಾದರೊಂದು ಇಟ್ಟಿರುತ್ತಿದ್ದಳು. ಒಮ್ಮೊಮ್ಮೆ ಬರೀ ನೀರು. ಸೊಸೆ ಏನೂ ಅನ್ನದೆ ನೀರಿನ ಪಾತ್ರೆ ಇಳಿಸಿ ತನ್ನದನ್ನು ಇಡುವಳು. ಒಂದು ದಿನ ಅವಳು ಕ್ಲಿಪ್ಪಿರುವ ಮುಚ್ಚಳದ ಹೊಸ ಪಾತ್ರೆ ತಂದು, ಅಡುಗೆ ಮುಗಿದ ಮೇಲೆ ಅದಕ್ಕೊಂದು ಪುಟ್ಟ ಬೀಗ ಸಿಕ್ಕಿಸಿದಳು. ಸೂಟ್‌ಕೇಸಿಗೆ ಹಾಕುವಂಥದ್ದು.

ಅದನ್ನು ಮೊದಲು ನೋಡಿದವಳು ಪಕ್ಕದ ಮನೆಯವಳು, ಈರುಳ್ಳಿ ಸಾಲ ಕೇಳಲು ಬಂದಾಗ. ಅವಳು ಹೋದ ಮೇಲೆ ಅತ್ತೆಯ ದನಿ ಮಹಡಿ ಹತ್ತಿತು.

"ನನ್ನ ಅಡುಗೆಮನೇಲಿ ಪಾತ್ರೆಗೆ ಬೀಗ! ನಾನೇನು ಕಳ್ಳಿನಾ?"

"ಕಳ್ಳರು ತಗೊಂಡು ಹೋಗ್ತಾರೆ. ನೀವು ಹಾಕಿ ಹೋಗ್ತೀರಿ."

"ನೋಡೋ, ನಿನ್ನ ಹೆಂಡತಿ ಆಡೋ ಮಾತು ನೋಡೋ!"

ಗಂಡ ಮೊಬೈಲು ನೋಡುತ್ತಿದ್ದವನು, "ಇಬ್ಬರೂ ಸ್ವಲ್ಪ ಸುಮ್ನಿರ್ತೀರಾ? ದಿನವೆಲ್ಲಾ ಮೂಟೆ ಹೊತ್ತು ಬಂದಿದೀನಿ," ಎಂದ.

ಮಾವ ಚಪ್ಪಲಿ ಮೆಟ್ಟಿಕೊಂಡ. "ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡೋರನ್ನ ಇಳಿಸೋದು ನನ್ನ ಕೆಲಸ. ಮನೇಲಿ ನಾನೇ ಸಿಕ್ಕಿಹಾಕ್ಕೊಂಡಿದೀನಿ. ನನ್ನನ್ನ ಇಳಿಸೋರು ಯಾರು?" ಎಂದು ಯಾರೂ ಉತ್ತರಿಸುವ ಮೊದಲೇ ಹೊರಟುಹೋದ.

ಸೊಸೆ ಸ್ಟ್ಯೂ ಮಾಡುವುದನ್ನು ತಾನೇ ಕಲಿತಳು. ಹಠಕ್ಕೆ ಕಲಿತಳು. ಮೊದಲ ಸಲ ಬಾರ್ಲಿ ಹೆಚ್ಚಾಗಿ ಅಂಟಿನಂತಾಯಿತು. ಎರಡನೇ ಸಲ ಅಣಬೆ ನೀರು ಬಿಟ್ಟು ಎಲ್ಲ ಸಪ್ಪೆ. ಈರುಳ್ಳಿಯನ್ನು ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಬರುವ ತನಕ ಬಿಡದೆ ಹುರಿಯಬೇಕು; ಅಣಬೆಯನ್ನು ಬೇರೆ ಬಾಣಲೆಯಲ್ಲಿ ನೀರೆಲ್ಲ ಇಂಗುವವರೆಗೆ ಹುರಿದು ತಳಕ್ಕೆ ಹತ್ತಿದ್ದನ್ನು ಕೆರೆದು ಸೇರಿಸಬೇಕು; ಆಲೂಗಡ್ಡೆಯಲ್ಲಿ ಅರ್ಧವನ್ನು ಮೊದಲೇ ಹಾಕಿ ಕರಗಲು ಬಿಟ್ಟರೆ ರಸ ತಾನಾಗಿ ಗಟ್ಟಿಯಾಗುತ್ತದೆ; ಉಳಿದರ್ಧ ಕೊನೆಗೆ. ಬಾರ್ಲಿ ಒಂದೇ ಹಿಡಿ. ಇದೆಲ್ಲ ಗೊತ್ತಾಗುವಷ್ಟರಲ್ಲಿ ಅವಳ ಬೆರಳ ತುದಿಗಳು ಎರಡು ಕಡೆ ಸುಟ್ಟಿದ್ದವು. ಗಾಜು ಉಜ್ಜುವಾಗ ಉರಿಯುತ್ತಿತ್ತು.

ಅಂಗಡಿಯಲ್ಲಿ ಅವಳಿಗೆ ಬೇರೆಯದೇ ಸಂಕಟ. ಬಯಲಾದ ಮರುದಿನವೇ ದೊಡ್ಡಕ್ಕ ಕೇಳಿದ್ದಳು. "ಎಲ್ಲೇ ಡಬ್ಬಿ?"

"ಈ ವಾರ ಮಾಡಲಿಲ್ಲ ದೊಡ್ಡಕ್ಕ."

ಅಷ್ಟೇ ಹೇಳಲು ಬಾಯಿ ಬಂತು. ಮರುವಾರ ಏನೋ ನೆಪ ಹೇಳಿದಳು. ಅದರ ಮುಂದಿನ ಸೋಮವಾರ ತನ್ನ ಕೈಯಾರೆ ಮಾಡಿದ್ದನ್ನು ಒಯ್ದಳು. ದೊಡ್ಡಕ್ಕ ತಿಂದಳು. ಡಬ್ಬಿ ತೊಳೆದು ಕೊಡುತ್ತ ಅಂದಳು, "ಇದೂ ಪರವಾಗಿಲ್ಲ. ಆದ್ರೆ ಮೊದಲಿನದ್ದೇ ಚೆನ್ನಾಗಿತ್ತು. ನಿಮ್ಮತ್ತೆ ಕೈ ರುಚಿನೇ ಬೇರೆ."

ಸೊಸೆ ಆ ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು.

"ಅತ್ತೆ, ನೀವು ತಿನ್ನಿಸಿದ್ದು ನನಗೊಬ್ಬಳಿಗೇ ಅಲ್ಲ."

ಅತ್ತೆ ಹೆಚ್ಚುತ್ತಿದ್ದ ಚಾಕು ನಿಲ್ಲಿಸಿದಳು. ಸೊಸೆ ಎಲ್ಲ ಹೇಳಿದಳು.

"ನನ್ನನ್ನ ಒಂದು ಮಾತು ಕೇಳದೆ ಹೊರಗಿನೋರಿಗೆ ಯಾಕೆ ಕೊಟ್ಟೆ?" ಅತ್ತೆಯ ದನಿ ಏರಿತು. "ಯಾರಿಗೋ ಏನೋ ತಿನ್ನಿಸಿ ಈಗ ನನ್ನ ತಲೆಗೆ ಕಟ್ತೀಯಾ?"

"ಅದರೊಳಗೆ ಏನಿದೆ ಅಂತ ಗೊತ್ತಿದ್ರೆ ಕೊಡ್ತಿದ್ನಾ? ನಾಳೆ ಬನ್ನಿ ನನ್ನ ಜೊತೆ. ನೀವೇ ಹೇಳಿ ಅವಳಿಗೆ."

"ನಾನ್ಯಾಕೆ ಬರಲಿ? ನನಗೆ ಅವಳ ಮುಖ ಪರಿಚಯ ಇಲ್ಲ."

ಗಂಡ ಒಳಗೆ ಬಂದ. "ಏನೂ ಹೇಳಬೇಡ. ಗೊತ್ತಿಲ್ಲದೋರಿಗೆ ಹೇಳಿ ಯಾಕೆ ನೋಯಿಸ್ತೀಯ? ಅವಳಿಗೆ ಹೇಗೆ ಗೊತ್ತಾಗುತ್ತೆ?"

"ಇದೇ ಮಾತು ನನ್ನ ವಿಷಯದಲ್ಲೂ ಆಡಿರ್ತೀಯ."

"ಏನೇ ಹೇಳಿದ್ರೂ ತಿರುಗಿಸಿ ನನಗೇ ಬರ್ತೀಯ," ಎಂದು ಅವನು ಸಿಡುಕಿ ಹೋದ.

ಮರುದಿನ ಊಟದ ಹೊತ್ತಿನಲ್ಲಿ ಸೊಸೆ ದೊಡ್ಡಕ್ಕನಿಗೆ ಹೇಳಿಬಿಟ್ಟಳು. ಕೊಯ್ಯುವ ಯಂತ್ರ ನಿಂತಿತ್ತು. ಮುಂದಿನ ಅಂಗಡಿಯಲ್ಲಿ ಯಾರೋ ಗಿರಾಕಿ ಗೋಡೆಯ ಮೇಲಿನ ಅಕ್ಷರಗಳನ್ನು ಜೋರಾಗಿ ಓದುತ್ತಿದ್ದದ್ದು ಕೇಳುತ್ತಿತ್ತು. ದೊಡ್ಡಕ್ಕ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದವಳು ಹಾಗೇ ಹಿಡಿದುಕೊಂಡು ಪೂರ್ತಿ ಕೇಳಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

ಸೊಸೆ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. "ಮೂರು ವಾರ ಆಗ್ತಾ ಬಂತು."

"ಮೂರು ವಾರ. ದಿನಾ ನನ್ನ ಎದುರಿಗೆ ಕೂತು ಊಟ ಮಾಡಿದೆ. ನಿನ್ನೆ ನಾನು ನಿಮ್ಮತ್ತೆ ಕೈ ರುಚಿ ಹೊಗಳಿದೆ. ಹಲ್ಲು ಕಚ್ಕೊಂಡು ಕೇಳಿಸ್ಕೊಂಡೆ."

"ಹೇಗೆ ಹೇಳಬೇಕು ಅಂತ ಗೊತ್ತಾಗಲಿಲ್ಲ ದೊಡ್ಡಕ್ಕ."

"ಅವರಿಗೂ ಹಾಗೇ ಗೊತ್ತಾಗಿರಲ್ಲ." ದೊಡ್ಡಕ್ಕ ಬಾಳೆಹಣ್ಣನ್ನು ಕಸದ ಬುಟ್ಟಿಗೆ ಎಸೆದು ಯಂತ್ರ ಚಾಲು ಮಾಡಿದಳು. "ನಿನ್ನ ಕುರ್ಚಿ ಆ ಕಡೆ ಹಾಕ್ಕೋ. ನನ್ನ ಮುಂದೆ ಕೂರಬೇಡ."

ಆ ಸಂಜೆ ಸೊಸೆ ಕೂಗಾಡಲಿಲ್ಲ. ಊಟವನ್ನೂ ಮಾಡಲಿಲ್ಲ. ಅತ್ತೆ ಎರಡು ಸಲ ಕೋಣೆಯ ಬಾಗಿಲಿಗೆ ಬಂದು ನಿಂತಳು. ಎರಡನೇ ಸಲ ಕೇಳಿದಳು, "ಹೇಳಿದ್ಯಾ?"

"ಹೇಳಿದೆ."

"ಏನಂದಳು?"

"ನೀನೂ ನಿಮ್ಮತ್ತೆ ಥರಾನೇ ಅಂದಳು."

ಅತ್ತೆ ಬಾಗಿಲು ಎಳೆದುಕೊಂಡು ಹೊರಟುಹೋದಳು.

ಮರುದಿನ ಮಧ್ಯಾಹ್ನ ಕನ್ನಡಕದ ಅಂಗಡಿಯ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಲಾಂಡ್ರಿಯ ನೀಲಿ ಮೇಲಂಗಿ, ಮೊಣಕೈವರೆಗೆ ಮಡಿಸಿದ ತೋಳು, ಅದರ ಮೇಲೆ ಇಸ್ತ್ರಿಯ ಹಳೆಯ ಸುಟ್ಟ ಗೆರೆಗಳು. ಪಾಳಿಯ ನಡುವೆಯೇ ಅರ್ಧ ದಿನ ರಜೆ ಕೇಳಿ ಬಂದಿದ್ದಳು. ಮೈಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು.

"ದೊಡ್ಡಕ್ಕ ಅನ್ನೋರು ಯಾರು?"

ಒಳಗಿನಿಂದ ಇಬ್ಬರೂ ಬಂದರು. ಸೊಸೆ, "ಅತ್ತೆ!" ಎಂದಳು. ಅತ್ತೆ ಅವಳ ಕಡೆ ನೋಡಲಿಲ್ಲ. ಕೌಂಟರಿನ ಈ ಬದಿಯಲ್ಲಿ ನಿಂತು, ಗಿರಾಕಿಗಳಿಬ್ಬರು ಕೇಳಿಸಿಕೊಳ್ಳುತ್ತಿದ್ದರೂ, ಹೇಳಿದಳು.

"ಆ ಮೂಳೆ ರಸ ಹಾಕಿದ್ದು ನಾನು. ಇವಳಿಗೆ ಗೊತ್ತಿರಲಿಲ್ಲ. ನಿಮಗೆ ಹೋಗುತ್ತೆ ಅಂತ ನನಗೂ ಗೊತ್ತಿರಲಿಲ್ಲ. ಇವಳ ಆರೋಗ್ಯಕ್ಕೆ ಅಂತ ಹಾಕಿದೆ ಅಂತ ಮನೇಲಿ ಹೇಳಿದೀನಿ. ಅದೂ ಪೂರ್ತಿ ನಿಜ ಅಲ್ಲ. ನಾನು ಮಾಡಿದ್ದು ಉಳೀತು. ಎರಡು ವಾರ ಉಳೀತು. ಚೆನ್ನಾಗಿದೆ ಅನ್ನಿಸ್ಕೋಬೇಕಾಗಿತ್ತು ನನಗೆ. ಅದಕ್ಕೇ ಹಾಕಿದೆ."

ಕೌಂಟರಿನ ಹುಡುಗಿ ಕನ್ನಡಕ ಒರೆಸುವುದನ್ನು ನಿಲ್ಲಿಸಿದಳು.

ದೊಡ್ಡಕ್ಕ ಕೇಳಿದಳು, "ನಾನು ಯಾಕೆ ತಿನ್ನಲ್ಲ ಅಂತ ನಿಮಗೆ ಗೊತ್ತಾ?"

"ಇಲ್ಲ."

"ಗೊತ್ತಾಗೋದೂ ಬೇಡ. ನಿಮಗೆ ಹೇಳೋ ಅಗತ್ಯ ನನಗಿಲ್ಲ. ನನಗೆ ಗಂಡನ್ನ ಹುಡುಕಿದ್ದು ನಮ್ಮಪ್ಪ. ಯಾವ ಮನೇಲಿರಬೇಕು ಅಂತ ಗಂಡ ಹೇಳಿದ. ಎಷ್ಟೊತ್ತಿಗೆ ಬರಬೇಕು, ಎಷ್ಟೊತ್ತಿಗೆ ಹೋಗಬೇಕು ಅಂತ ಈ ಅಂಗಡಿ ಧಣಿ ಹೇಳ್ತಾನೆ. ನನ್ನ ಬಾಯೊಳಗೆ ಏನು ಹೋಗಬೇಕು ಅನ್ನೋದೊಂದು ಮಾತ್ರ ನಾನೇ ಹೇಳ್ತಿದ್ದೆ. ಅದಕ್ಕೂ ಕೈ ಹಾಕಿದ್ರಿ. ಅದೂ ಯಾತಕ್ಕೆ? ಒಂದು ಶಹಬ್ಬಾಸ್‌ಗಿರಿಗೆ!"

ಅಲ್ಲಿಗೆ ನಿಲ್ಲಿಸಲಿಲ್ಲ. ಇಷ್ಟು ವರ್ಷ ಆ ಒಳಕೋಣೆಯಲ್ಲಿ ಅವಳು ಆಡಿದ ಎಲ್ಲ ಮಾತನ್ನು ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ನಾಚಿಕೆಗೆಟ್ಟವಳು ಎಂದಳು. ಮನೆಗೆ ಬಂದ ಹೆಣ್ಣನ್ನು ನಂಬಿಸಿ ಕತ್ತು ಕೊಯ್ದವಳು ಎಂದಳು. ಅತ್ತೆ ಜನ್ಮದಲ್ಲಿ ಯಾರಿಂದಲೂ ಇಷ್ಟು ಕೇಳಿಸಿಕೊಂಡವಳಲ್ಲ. ಮನೆಯಲ್ಲಿ ಅರ್ಧ ಮಾತಿಗೆ ಎರಡು ಮಾತು ತಿರುಗಿಸುವವಳು. ಇಲ್ಲಿ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮುಖ ಕೆಂಪೇರಿತ್ತು. 

"ಆಯ್ತು. ಹೋಗಿ," ಎಂದಳು ದೊಡ್ಡಕ್ಕ ಕೊನೆಗೆ. "ಕ್ಷಮಿಸಿದೀನಿ ಅಂತ ಮಾತ್ರ ಅಂದ್ಕೋಬೇಡಿ."

"ಇಲ್ಲ," ಎಂದಳು ಅತ್ತೆ.

ದೊಡ್ಡಕ್ಕ ಸೊಸೆಯ ಕಡೆ ನೋಡಿ, "ನೀನೂ ಇವತ್ತು ಹೋಗು. ಇವರನ್ನ ಕರ್ಕೊಂಡು ಹೋಗು," ಎಂದು ಒಳಗೆ ನಡೆದಳು.

ಇಬ್ಬರೂ ರಸ್ತೆಗೆ ಬಂದರು. ಬಸ್ಸುಗಳ ಸದ್ದು, ಹೊಗೆ. ಸಿಗ್ನಲ್ ದಾಟಿ ಚಪ್ಪಲಿ ಅಂಗಡಿಯ ಮುಂದೆ ಬಂದಾಗ ಅತ್ತೆ ನಿಂತಳು.

"ನೀನೂ ಬೈಯೋದಿದ್ರೆ ಇಲ್ಲೇ ಬೈದುಬಿಡು."

"ರಸ್ತೇಲಾ?"

"ಮನೇಲಿ ಬೈದ್ರೆ ನಾನು ತಿರುಗಿಸಿ ಬೈತೀನಿ. ಸುಮ್ನೆ ಬೈಸ್ಕೊಂಡು ನನಗೆ ಅಭ್ಯಾಸ ಇಲ್ಲ."

ಸೊಸೆ ಬೈದಳು. ಮೊದಮೊದಲು ಅಳು ಬಂದು ಮಾತು ತಡವರಿಸಿತು, ಆಮೇಲೆ ಸರಾಗವಾಯಿತು. ಚಪ್ಪಲಿ ಅಂಗಡಿಯವನು ಹೊರಗೆ ಬಂದು ನೋಡಿ ಒಳಗೆ ಹೋದ. ಒಲೆಯ ಮೇಲಿಟ್ಟ ಬರೀ ನೀರಿನ ಪಾತ್ರೆಗಳಿಂದ ಹಿಡಿದು ಎಲ್ಲವೂ ಬಂತು. "ನೀವು ಹಾಕಿದ್ದಕ್ಕಿಂತ ಹೆಚ್ಚು ಉರಿಯೋದು ಏನು ಗೊತ್ತಾ? ನಾನು ನಿಮ್ಮನ್ನ ಎಲ್ಲರ ಹತ್ರ ಹೊಗಳಿದೆ. ನಮ್ಮಮ್ಮನ ಹತ್ರ ಕೂಡಾ ಹೊಗಳಿದೆ!"

ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅತ್ತೆ ಮೆಲ್ಲಗೆ ಹೇಳಿದಳು.

"ಇನ್ನೊಂದಿದೆ. ಮಗನ ಮೇಲೆ ಹೊರಿಸಬಾರದು ಅಂತ ಸುಮ್ನಿದ್ದೆ. ಆದ್ರೆ ಅಲ್ಲಿ ನೀನು ತಲೆ ಬಗ್ಗಿಸಿದೆ, ಈಗ ನಾನೂ ಬಗ್ಗಿಸಿದೆ, ಅವನೊಬ್ಬ ಬಗ್ಗಿಸಿಲ್ಲ. ಅವತ್ತು ಹಾಕೋಕೆ ಮುಂಚೆ ನಾನು ಅವನನ್ನ ಕೇಳಿದೆ. ಸೌಟು ಕೈಯಲ್ಲಿ ಹಿಡ್ಕೊಂಡೇ ಕೇಳಿದೆ. 'ಹಾಕಮ್ಮ, ಅವಳಿಗೇನು ಗೊತ್ತಾಗುತ್ತೆ' ಅಂದ."

ಸೊಸೆ ಅಂದಳು, "ಆಮೇಲೆ ಗೊತ್ತಾಯ್ತು ಅಂದಿದ್ದ."

"ಅಂದಿದ್ದ."

ಇಬ್ಬರೂ ಮನೆಯ ಕಡೆ ನಡೆದರು.

ಗಂಡ ಅವತ್ತು ಬೇಗ ಬಂದಿದ್ದ. ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. ಅಂಗಡಿಯ ಹುಡುಗಿಯಿಂದ ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು. ಇಬ್ಬರೂ ಜೊತೆಯಾಗಿ ಒಳಗೆ ಬಂದದ್ದನ್ನು ನೋಡಿ ಅವನ ಮುಖ ಅರಳಿತು.

"ಅಬ್ಬ! ಅಂತೂ ಮುಗೀತಲ್ಲ ನಿಮ್ಮ ಯುದ್ಧ. ಈ ಭಾನುವಾರವಾದ್ರೂ ನೆಮ್ಮದಿಯಾಗಿ ಊಟ ಮಾಡೋಣ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಮಾವ ಸೊಸೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಪೇಪರ್ ಮಡಿಸಿ ಎದ್ದ.

"ಅಪ್ಪ, ಎಲ್ಲಿಗೆ?"

"ನನಗೇನು ಗೊತ್ತು? ಎಲ್ಲಿಗಾದ್ರೂ," ಎಂದು ಹೊರಗೆ ಹೋದ.

"ಅಮ್ಮಾ, ಏನಾಯ್ತು?"

"ನನ್ನನ್ನ ಕರೀಬೇಡ. ನಾನು ಬೈಸ್ಕೊಂಡು ಬಂದಿದೀನಿ," ಎಂದಳು ಅತ್ತೆ. ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಸೊಸೆ ಮೇಜಿನ ಹತ್ತಿರದ ಕುರ್ಚಿಯನ್ನು ಎಳೆದು ತಂದು ಅವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಕಿಕೊಂಡು ಕೂತಳು.

"ಕಾಲು ಕೆಳಗಿಳಿಸು."

ಅವನು ಇಳಿಸಿದ.

"'ಅವಳಿಗೇನು ಗೊತ್ತಾಗುತ್ತೆ' ಅಂದ್ಯಂತೆ. ಗೊತ್ತಾಯ್ತು. ಈಗ ಹೇಳು."

ಅವನು ಮುಚ್ಚಿದ ಅಡುಗೆಮನೆ ಬಾಗಿಲ ಕಡೆ ನೋಡಿದ.

"ಆ ಕಡೆ ಅಲ್ಲ," ಎಂದಳು. "ಈ ಕಡೆ ನೋಡ್ಕೊಂಡು ಹೇಳು."